ನಟೋರಿಯಸ್: ಮಗನ ಕಥೆಯನ್ನು ಅಮ್ಮ ಹೇಳಿದಾಗ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಈಗ ರ‍್ಯಾಪ್ ಕೇಳುವವರು ಜಾಸ್ತಿ. 2024ರಲ್ಲಿ ಹನುಮಾನ್‌ಕೈಂಡ್ ಅವರ 'ಬಿಗ್ ಡಾಗ್ಸ್' ಬಂದ ಮೇಲಂತೂ ಇನ್ನೂ ಜಾಸ್ತಿ. ಎಂಸಿ ಬಿಜ್ಜು, ರಾಹುಲ್ ಡಿಟ್ಟೋ ಕನ್ನಡದಲ್ಲೇ ಬರೆದು ಹಾಡಿದ್ದನ್ನು ಕೇಳುವ ನಮ್ಮ ಹುಡುಗರು ಅಮೆರಿಕದ ರ‍್ಯಾಪರ್ ಬಿಗ್ಗಿಯನ್ನು, ಅಂದರೆ 'ದಿ ನಟೋರಿಯಸ್ ಬಿ.ಐ.ಜಿ.'ಯನ್ನು ಮಾತ್ರ ಹೆಚ್ಚಾಗಿ ಟೀ ಶರ್ಟ್ ಮೇಲೆ ನೋಡಿರುತ್ತಾರೆ. ತಲೆಗೆ ಕಿರೀಟ ಇಟ್ಟುಕೊಂಡ ಆ ಫೋಟೋ, ಗೊತ್ತಲ್ವಾ? ಅದನ್ನು ತೆಗೆದ ಮೂರೇ ದಿನಕ್ಕೆ ಅವನ ಕೊಲೆಯಾಯಿತು. ಆಗ ಅವನಿಗೆ 24 ವರ್ಷ.

ಅವನ ಬದುಕಿನ ಮೇಲೆ ಬಂದ ಸಿನಿಮಾ 'ನಟೋರಿಯಸ್'. 2009ರದ್ದು, ನಿರ್ದೇಶಕ ಜಾರ್ಜ್ ಟಿಲ್‌ಮನ್ ಜೂನಿಯರ್. ಇದನ್ನು ನೋಡುವ ಮೊದಲು ಒಂದು ವಿಷಯ ತಿಳಿದಿರಬೇಕು: ಈ ಕಥೆ ಹೇಳುತ್ತಿರುವುದು ಯಾರು ಅಂತ.

(ಪರದೆ ಮೇಲೆ: ನಿರ್ಮಾಪಕರ ಹೆಸರುಗಳು)

ನಿರ್ಮಾಪಕರಲ್ಲಿ ಬಿಗ್ಗಿಯ ಅಮ್ಮ ವೊಲೆಟಾ ವಾಲೇಸ್ ಇದ್ದಾರೆ. ಅವನ ಮ್ಯಾನೇಜರ್‌ಗಳಿದ್ದಾರೆ. ಅವನ ಆಲ್ಬಮ್‌ಗಳನ್ನು ಹೊರತಂದ ಶಾನ್ ಕೋಂಬ್ಸ್ ಎಕ್ಸಿಕ್ಯೂಟಿವ್ ಪ್ರೊಡ್ಯೂಸರ್. ಚಿಕ್ಕ ಬಿಗ್ಗಿಯ ಪಾತ್ರ ಮಾಡಿರುವುದು ಯಾರು ಗೊತ್ತಾ? ಅವನ ಸ್ವಂತ ಮಗ. ಅಪ್ಪ ಸತ್ತಾಗ ಆ ಮಗುವಿಗೆ ಐದು ತಿಂಗಳೂ ತುಂಬಿರಲಿಲ್ಲ. ಅಪ್ಪನ ನೆನಪೇ ಇಲ್ಲದ ಹುಡುಗ ಅಪ್ಪನ ಬಾಲ್ಯವನ್ನು ನಟಿಸುತ್ತಾನೆ, ಅಜ್ಜಿಯ ಹೆಸರಿನ ಪಾತ್ರ ಅವನನ್ನು 'ಮಗನೇ' ಅಂತ ನೋಡಿಕೊಳ್ಳುತ್ತದೆ. ನನಗಂತೂ ಆ ದೃಶ್ಯಗಳನ್ನು ಸುಮ್ನೆ ನೋಡಿಕೊಂಡು ಹೋಗಲು ಆಗಲಿಲ್ಲ.

ಈಗ ಕಥೆಗೆ ಬರೋಣ. ಬಿಗ್ಗಿಯ ನಿಜವಾದ ಹೆಸರು ಕ್ರಿಸ್ಟೋಫರ್ ವಾಲೇಸ್. ಹುಟ್ಟಿದ್ದು 1972ರ ಮೇ 21ಕ್ಕೆ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಅಮ್ಮ ಜಮೈಕಾದಿಂದ ಬಂದವರು, ಪುಟ್ಟ ಮಕ್ಕಳಿಗೆ ಪಾಠ ಹೇಳುವ ಟೀಚರ್. ಅಪ್ಪ ಬೇಗನೇ ಬಿಟ್ಟು ಹೋದ. ಅಮ್ಮ ಕೆಲಸಕ್ಕೆ ಹೋದಾಗ ಹುಡುಗ ಬೀದಿಯಲ್ಲಿ ಡ್ರಗ್ಸ್ ಮಾರುತ್ತಿದ್ದ, ಜೈಲಿಗೂ ಹೋಗಿ ಬಂದ. ಅವನ ಡೆಮೊ ಟೇಪ್ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗಿ, 1992ರಲ್ಲಿ 'ದಿ ಸೋರ್ಸ್' ಪತ್ರಿಕೆಯಲ್ಲಿ ಅವನ ಬಗ್ಗೆ ಬಂತು, ಅಲ್ಲಿಂದ ಶಾನ್ ಕೋಂಬ್ಸ್ ಕಣ್ಣಿಗೆ ಬಿದ್ದ. 1994ರ ಸೆಪ್ಟೆಂಬರ್‌ನಲ್ಲಿ ಮೊದಲ ಆಲ್ಬಮ್ 'ರೆಡಿ ಟು ಡೈ' ಬಂತು. ಸಾಯಲು ತಯಾರು ಅನ್ನುವ ಹೆಸರಿಟ್ಟಾಗ ಅವನಿಗೆ 22 ವರ್ಷ.

ಆ ಆಲ್ಬಮ್ಮಿನ 'ಜ್ಯೂಸಿ' ಹಾಡಿನಲ್ಲಿ ಒಂದೇ ಕೋಣೆಯ ಗುಡಿಸಲು, ಊಟಕ್ಕೆ ಡಬ್ಬಿ ಮೀನು ಅಂತ ಬಡತನದ ಮಾತು ಬರುತ್ತದೆ. ವೊಲೆಟಾ ಇದನ್ನು ಒಪ್ಪುತ್ತಿರಲಿಲ್ಲ, ತಾವು ಅಷ್ಟು ಕಷ್ಟದಲ್ಲಿ ಇರಲಿಲ್ಲ ಅನ್ನುತ್ತಿದ್ದರು. ನೋಡಿ, ಮಗ ಬದುಕಿದ್ದಾಗ ಅಮ್ಮನ ಕಥೆಯನ್ನು ತನ್ನ ಹಾಡಿಗೆ ಬೇಕಾದ ಹಾಗೆ ಹೇಳಿದ. ಮಗ ಸತ್ತ ಮೇಲೆ ಅಮ್ಮ ಅವನ ಕಥೆಯನ್ನು ತನಗೆ ತಡೆದುಕೊಳ್ಳಲು ಆಗುವ ಹಾಗೆ ಹೇಳಿದರು. ನನಗೆ ಇಬ್ಬರ ಮೇಲೂ ಸಿಟ್ಟು ಬರುವುದಿಲ್ಲ. ಆದರೆ ಸಿನಿಮಾದ ಕೊನೆಯ ಭಾಗದಲ್ಲಿ ಅವನು ಎಲ್ಲರ ಜೊತೆ ಸರಿಮಾಡಿಕೊಳ್ಳಲು ಹೊರಡುತ್ತಾನಲ್ಲ, ಅದನ್ನು ನೋಡುವಾಗ ಇದು ನೆನಪಿರಲಿ. ತಮ್ಮನ್ನು ತೋರಿಸಿದ ರೀತಿ ಸರಿಯಿಲ್ಲ ಅಂತ ಅವನ ಪ್ರೇಯಸಿಯೂ ಆಗಿದ್ದ ರ‍್ಯಾಪರ್ ಲಿಲ್ ಕಿಮ್ ಬಹಿರಂಗವಾಗಿಯೇ ಬೇಸರ ಹೇಳಿಕೊಂಡರು.

ಬಿಗ್ಗಿಯಾಗಿ ನಟಿಸಿದ್ದು ಜಮಾಲ್ ವೂಲಾರ್ಡ್, ಇವರೂ ಬ್ರೂಕ್ಲಿನ್‌ನ ರ‍್ಯಾಪರ್. 2006ರಲ್ಲಿ ನ್ಯೂಯಾರ್ಕಿನ ಒಂದು ರೇಡಿಯೋ ಸ್ಟೇಷನ್ ಹೊರಗೆ ಇವರಿಗೂ ಗುಂಡೇಟು ಬಿದ್ದಿತ್ತು, ಬದುಕಿಕೊಂಡರು. ನಟನೆ ಚೆನ್ನಾಗಿದೆ. ಆದರೂ ಸಿನಿಮಾವನ್ನು ಹೊತ್ತು ನಿಲ್ಲುವುದು ಅಮ್ಮನ ಪಾತ್ರದ ಏಂಜೆಲಾ ಬ್ಯಾಸೆಟ್.

ಆ ಕಾಲದ ಇನ್ನೊಬ್ಬ ದೊಡ್ಡ ರ‍್ಯಾಪರ್ ಟುಪಾಕ್ ವಿಷಯ ಹೇಳಲೇಬೇಕು. ಮೊದಲು ಇಬ್ಬರೂ ಗೆಳೆಯರು. 1994ರ ನವೆಂಬರ್ 30ರಂದು ನ್ಯೂಯಾರ್ಕಿನ ಕ್ವಾಡ್ ಸ್ಟುಡಿಯೋದಲ್ಲಿ ಟುಪಾಕ್‌ಗೆ ಗುಂಡು ಹೊಡೆದರು, ಆ ಹೊತ್ತಿಗೆ ಅದೇ ಕಟ್ಟಡದಲ್ಲಿ ಬಿಗ್ಗಿಯೂ ಇದ್ದ, ಅವನಿಗೆ ಇದು ಮೊದಲೇ ಗೊತ್ತಿತ್ತು ಅಂತ ಟುಪಾಕ್‌ಗೆ ಅನುಮಾನ ಬಂತು, ಅಲ್ಲಿಂದ ಇಬ್ಬರ ಜಗಳ ಪೂರ್ವ ಕರಾವಳಿ, ಪಶ್ಚಿಮ ಕರಾವಳಿ ಅಂತ ಇಡೀ ಅಮೆರಿಕದ ರ‍್ಯಾಪ್ ಅನ್ನೇ ಎರಡು ಪಾಲು ಮಾಡಿತು. ಪತ್ರಿಕೆಗಳು, ಕಂಪನಿಗಳು ಅದನ್ನು ಊದಿ ಊದಿ ಉರಿಸಿದವು. 1996ರ ಸೆಪ್ಟೆಂಬರ್ 13ರಂದು ಲಾಸ್ ವೇಗಸ್‌ನಲ್ಲಿ ಟುಪಾಕ್ ಸತ್ತ, 25ನೇ ವಯಸ್ಸಿಗೆ. ಆರು ತಿಂಗಳೂ ತುಂಬಲಿಲ್ಲ, 1997ರ ಮಾರ್ಚ್ 9ರಂದು ಲಾಸ್ ಏಂಜಲೀಸ್‌ನಲ್ಲಿ ಪಾರ್ಟಿ ಮುಗಿಸಿ ಹೊರಟ ಬಿಗ್ಗಿಯ ಕಾರಿನ ಪಕ್ಕ ಇನ್ನೊಂದು ಕಾರು ಬಂದು ನಿಂತಿತು. ಅಷ್ಟೇ. ಎರಡನೇ ಆಲ್ಬಮ್ ಬಂದಿದ್ದು ಅವನು ಸತ್ತು 16 ದಿನಕ್ಕೆ.

ಸಿನಿಮಾ ಮುಗಿಯುವುದು ಶವಯಾತ್ರೆಯಲ್ಲಿ. ಬ್ರೂಕ್ಲಿನ್ ಜನ ಬೀದಿಗಿಳಿದು ಅವನ ಹಾಡಿಗೆ ಕುಣಿಯುತ್ತಾರೆ. ನಿಜವಾಗಿಯೂ ಹಾಗೇ ಆಗಿತ್ತು.

ನನ್ನ ತಕರಾರು ಇರುವುದು ಇಲ್ಲಿ. ವೊಲೆಟಾ ಅವರ ಕಥೆ ಆ ಬೀದಿಯಲ್ಲಿ ಮುಗಿಯಲಿಲ್ಲ. ಮಗನ ಸಾವಿನಲ್ಲಿ ಪೊಲೀಸರ ಕೈವಾಡ ಇದೆ ಅಂತ ಅವರು ಲಾಸ್ ಏಂಜಲೀಸ್ ನಗರದ ಮೇಲೆ ಕೇಸು ಹಾಕಿದರು. 2005ರಲ್ಲಿ ವಿಚಾರಣೆ ನಡೆಯುತ್ತಿದ್ದಾಗಲೇ ಪೊಲೀಸ್ ಇಲಾಖೆ ದಾಖಲೆಗಳನ್ನು ಮುಚ್ಚಿಟ್ಟಿದ್ದು ಹೊರಬಂತು, ಜಡ್ಜ್ ವಿಚಾರಣೆಯನ್ನೇ ರದ್ದು ಮಾಡಿದರು, ಆಮೇಲೆ ಕುಟುಂಬದ ಕೇಸಿನ ಖರ್ಚಿಗೆ ನಗರ 11 ಲಕ್ಷ ಡಾಲರ್ ಕೊಡಬೇಕು ಅಂತ ಆದೇಶ ಮಾಡಿದರು. 2009ರಲ್ಲಿ ಸಿನಿಮಾ ಥಿಯೇಟರಿಗೆ ಬಂದಾಗ ಕೇಸು ಇನ್ನೂ ಮುಗಿದಿರಲಿಲ್ಲ. ಪೊಲೀಸರ ವಿರುದ್ಧ ನಿಂತ ಆ ಹೆಂಗಸನ್ನು ಏಂಜೆಲಾ ಬ್ಯಾಸೆಟ್ ಅಂಥವರ ಕೈಗೆ ಕೊಟ್ಟಿದ್ದರೆ ಎಂಥಾ ಸಿನಿಮಾ ಆಗುತ್ತಿತ್ತು ಹೇಳಿ!

2010ರಲ್ಲಿ ಕೋರ್ಟ್ ಆ ಕೇಸನ್ನು ಕೈಬಿಟ್ಟಿತು. ವೊಲೆಟಾ 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಅಷ್ಟರವರೆಗೂ ಅವರ ಮಗನನ್ನು ಕೊಂದದ್ದಕ್ಕೆ ಒಬ್ಬರಿಗೂ ಶಿಕ್ಷೆಯಾಗಿರಲಿಲ್ಲ.