ಬೀಜದ ಪರವಾನಗಿಯಲ್ಲಿ ರೈತರ ಮಾತು

ರೈತ ಬಾಂಧವರಿಗೆ ನಮಸ್ಕಾರ. ಹೈಬ್ರಿಡ್ ಬೀಜ ತಯಾರಿಸಲು ಕೃಷಿ ವಿಶ್ವವಿದ್ಯಾನಿಲಯವು ಕಂಪನಿಗಳಿಗೆ ಕೊಡುವ ಪರವಾನಗಿಯಲ್ಲಿ ರೈತರ ಮಾತೂ ಇರಬೇಕು ಎಂಬುದು ನನ್ನ ಅಹವಾಲು.

ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಯನ್ನು ನಮ್ಮ ರಾಗಿಯೊಡನೆ ಕೂಡಿಸಿ ಇಂಡಾಫ್ ತಳಿಗಳನ್ನು ರೂಪಿಸಿದರು. ರಾಗಿ ತನ್ನ ಹೂವಿನಲ್ಲೇ ತಾನು ಪರಾಗಸ್ಪರ್ಶ ಮಾಡಿಕೊಳ್ಳುವ ಬೆಳೆಯಾದ್ದರಿಂದ, ಕಣದಲ್ಲಿ ಒಳ್ಳೆಯ ತೆನೆಗಳನ್ನು ಆರಿಸಿ ಎತ್ತಿಟ್ಟರೆ ಮರುವರ್ಷವೂ ಅದೇ ತಳಿ ಕೈಗೆ ಬರುತ್ತದೆ. ನೆರೆಯವರಿಗೆ ಸೇರಿನ ಲೆಕ್ಕದಲ್ಲಿ ಅಳೆದು ಕೊಡಲೂ ಬರುತ್ತದೆ.

ಅದೇ ಫಾರಂನಿಂದ 1996ರಲ್ಲಿ ಬಿಡುಗಡೆಯಾದ ಕೆ.ಆರ್.ಎಚ್.-2 ಹೈಬ್ರಿಡ್ ಭತ್ತದ, ಅಂದರೆ ಪ್ರತಿ ಸಲವೂ ಎರಡು ತಳಿಗಳನ್ನು ಕೂಡಿಸಿಯೇ ಬೀಜ ಪಡೆಯಬೇಕಾದ ಭತ್ತದ ಮಾತು ಬೇರೆ. ಇಂಥ ಭತ್ತದ ಬೀಜೋತ್ಪಾದನೆಯ ಗದ್ದೆಯಲ್ಲಿ ಪರಾಗ ಕಟ್ಟದ ಹೆಣ್ಣು ಸಾಲುಗಳ ನಡುವೆ ಗಂಡು ಸಾಲುಗಳಿರುತ್ತವೆ. ಇಬ್ಬನಿ ಆರಿ ಹೂ ಬಿರಿಯುವ ಹೊತ್ತಿಗೆ ಇಬ್ಬರು ಎರಡು ಬದಿಯಲ್ಲಿ ನಿಂತು, ಪೈರಿನ ಮೇಲೆ ಹಗ್ಗ ಎಳೆದು, ಪರಾಗದ ಧೂಳೆಬ್ಬಿಸುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎಳೆಯುತ್ತಾರೆ. ಇಷ್ಟು ಶ್ರಮದಿಂದ ಬಂದ ಬೀಜ ಒಂದೇ ಬೆಳೆಗೆ. ಅದರ ಫಸಲನ್ನೇ ಬಿತ್ತಿದರೆ ಒಂದು ಪೈರು ಎತ್ತರ, ಒಂದು ಗಿಡ್ಡ, ಮಾಗುವುದೂ ಹಿಂದುಮುಂದು.

2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೇ ಕಲಮಿನಂತೆ, ನೋಂದಣಿಯಾದ ಸಂರಕ್ಷಿತ ತಳಿಯ ಬೀಜವನ್ನೂ ರೈತರು ಉಳಿಸಿಕೊಳ್ಳಬಹುದು, ಮರಳಿ ಬಿತ್ತಬಹುದು, ಹಂಚಬಹುದು, ಬ್ರಾಂಡ್ ಹಾಕದೆ ಮಾರಲೂಬಹುದು. ದೊಡ್ಡ ಹಕ್ಕು ನಿಜ. ಆದರೆ ಮರಳಿ ಬಿತ್ತಲಾಗದ ಹೈಬ್ರಿಡ್ಡಿನಲ್ಲಿ ಅದು ಕಾಗದದ ಮೇಲಷ್ಟೇ ಉಳಿಯುತ್ತದೆ. ಅಲ್ಲಿ ಬೀಜದ ಬೆಲೆಯೂ ಲಭ್ಯತೆಯೂ ಬಹುಮಟ್ಟಿಗೆ ತೀರ್ಮಾನವಾಗುವುದು, ವಿಶ್ವವಿದ್ಯಾನಿಲಯವು ಮಾತೃ ಮತ್ತು ಪಿತೃ ತಳಿಗಳನ್ನು ಬೀಜ ಕಂಪನಿಗಳಿಗೆ ಕೊಡುವ ಪರವಾನಗಿ ಒಪ್ಪಂದದಲ್ಲಿ.

ಸಾರ್ವಜನಿಕ ಹಣದಿಂದ ರೂಪುಗೊಂಡು ರೈತರ ಹೊಲದಲ್ಲೇ ಪರೀಕ್ಷೆಗೆ ಒಳಗಾಗುವ ತಳಿಯ ಒಪ್ಪಂದವನ್ನು ರೈತರನ್ನು ಕೇಳದೆ ಬರೆಯುವುದು ನ್ಯಾಯವಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಒಂದೇ ಕಂಪನಿಗೆ ಏಕಸ್ವಾಮ್ಯ ಕೊಡಬಾರದು. ರೈತ ಉತ್ಪಾದಕ ಸಂಘಗಳಿಗೆ ಕಡಿಮೆ ಶುಲ್ಕಕ್ಕೆ ಅದೇ ತಳಿಗಳು ಸಿಗಬೇಕು. ಹಂಗಾಮಿಗೆ ಸರಿಯಾಗಿ ಬೀಜ ಒದಗಿಸದವರ ಪರವಾನಗಿ ವಿಶ್ವವಿದ್ಯಾನಿಲಯಕ್ಕೆ ಮರಳಬೇಕು. ಬೀಜ ಸಾಲದಿದ್ದರೆ ಅಥವಾ ಬೆಲೆ ವಿಪರೀತವಾದರೆ ಕಡ್ಡಾಯ ಪರವಾನಗಿ, ಅಂದರೆ ತಳಿಯ ಒಡೆಯರ ಒಪ್ಪಿಗೆಯಿಲ್ಲದೆಯೂ ಬೀಜ ತಯಾರಿಸಲು ಸಿಗುವ ಪರವಾನಗಿ ಕೋರಲು ಕಾಯ್ದೆಯಲ್ಲಿ ದಾರಿಯಿದೆ, ಆದರೆ ಅದು ತಳಿ ನೋಂದಣಿಯಾಗಿ 3 ವರ್ಷ ಕಳೆದ ಮೇಲೆ. ನಾಲೆಗೆ ನೀರು ಬಿಟ್ಟ ಮೇಲೆ ಸಸಿಯ ಒಟ್ಲು ಹಾಕಲು ನಮಗಿರುವುದು ಕೆಲವೇ ದಿನ. ಆದ್ದರಿಂದ ಈ ಷರತ್ತುಗಳು ಒಪ್ಪಂದದಲ್ಲೇ ಇರಬೇಕು, ಸಹಿ ಬೀಳುವ ಮೊದಲು ಅದರ ಕನ್ನಡ ಕರಡು ಆ ಹಗ್ಗ ಎಳೆಯುವವರ ಕೈಗೂ ಬರಬೇಕು.