ಮೆಟ್ಟಿಲು ಎಂಟು ಇಂಚು ಅಂತ ಬರೆದಿದ್ದೆ

ಎಲ್ಲರಿಗೂ ನಮಸ್ಕಾರ. ನನ್ನ ಹಿಂದೆ ಕಾಣುತ್ತಿರುವ ಬಿಳಿ ಗಾಡಿ ನಮ್ಮದು. ಕ್ಯಾರವಾನ್ ಟ್ರೇಲರ್. ಇದಕ್ಕೆ ಎಂಜಿನ್ ಇಲ್ಲ, ನಮ್ಮ ಬೊಲೆರೊ ಹಿಂದೆ ಸಿಕ್ಕಿಸಿ ಎಳೆದುಕೊಂಡು ಹೋಗಬೇಕು. ಒಳಗೆ ಎರಡು ಮಂಚ, ಒಂದು ಸಣ್ಣ ಅಡುಗೆ ಕಟ್ಟೆ, ಒಂದು ಟಾಯ್ಲೆಟ್. ಅಷ್ಟೇ. ಒಳಗೆಲ್ಲಾ ತೋರಿಸಿ ಅಂತ ತುಂಬಾ ಜನ ಕೇಳಿದ್ದೀರಿ. ಖಂಡಿತ ತೋರಿಸುತ್ತೇನೆ, ಆದರೆ ಇವತ್ತಲ್ಲ. ಇದನ್ನು ಆರ್ಡರ್ ಕೊಟ್ಟು ಮನೆಗೆ ತರುವಷ್ಟರಲ್ಲಿ ಎಂಟು ತಿಂಗಳಾಯಿತು. ಇವತ್ತು ಆ ಎಂಟು ತಿಂಗಳ ಬಗ್ಗೆ ಮಾತಾಡಬೇಕು.

ಇದು ನಮಗೆ ಯಾಕೆ ಬೇಕಾಯಿತು ಅಂತ ಮೊದಲು ಹೇಳುತ್ತೇನೆ. ಅಮ್ಮನಿಗೆ 73 ವರ್ಷ. ಎರಡೂ ಮಂಡಿ ಸವೆದಿವೆ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರ್. ಬಸ್ಸಿನಲ್ಲಿ ಹೋಗಿ ಬಂದರೆ ಮಾರನೇ ದಿನ ಏಳುವುದಿಲ್ಲ. ಆದರೆ ಮನಸ್ಸು ಮಾತ್ರ ಕೊಲ್ಲೂರು, ಗೋಕರ್ಣ, ಸಿಗಂದೂರು ಅಂತ ಓಡುತ್ತಿರುತ್ತದೆ. ದಾರಿಯಲ್ಲಿ ಟಾಯ್ಲೆಟ್ಟಿನದೇ ದೊಡ್ಡ ಚಿಂತೆ. ಹಲವು ಕಡೆ ಕುಕ್ಕರಗಾಲಲ್ಲಿ ಕೂರಬೇಕು, ಲಾಡ್ಜಿನಲ್ಲಿ ಮಹಡಿ ಹತ್ತಬೇಕು. ಹಾಗಾಗಿ ಅಮ್ಮನ ಕೋಣೆಯನ್ನೇ ಜೊತೆಗೆ ಕರೆದುಕೊಂಡು ಹೋಗೋಣ ಅಂತ ನಾನು, ನನ್ನ ಹೆಂಡತಿ ತೀರ್ಮಾನ ಮಾಡಿದೆವು. ರೆಡಿಮೇಡ್ ಟ್ರೇಲರ್‌ಗಳನ್ನು ನೋಡಿದೆವು. ಯಾವುದಕ್ಕೂ ಅಮ್ಮ ಹತ್ತಲು ಆಗುತ್ತಿರಲಿಲ್ಲ. ಅದಕ್ಕೇ ಹೇಳಿ ಮಾಡಿಸಿದ್ದು.

2024ರ ದೀಪಾವಳಿ ಹೊತ್ತಿಗೆ ಆರ್ಡರ್ ಕೊಟ್ಟೆ. ಫ್ಯಾಕ್ಟರಿ ಬೇರೆ ರಾಜ್ಯದಲ್ಲಿದೆ. ಹೆಸರು ಹೇಳುವುದಿಲ್ಲ, ಕೇಳಬೇಡಿ. ಚೌಕುಳಿ ಪುಸ್ತಕದ ಹಾಳೆ ಮೇಲೆ ನಾನೇ ಡ್ರಾಯಿಂಗ್ ಮಾಡಿ ಕಳಿಸಿದ್ದೆ. ಅದರಲ್ಲಿ ಮೂರು ವಿಷಯಕ್ಕೆ ಕೆಂಪು ಪೆನ್ನಲ್ಲಿ ಸುತ್ತು ಹಾಕಿದ್ದೆ. ಒಂದು ಮೆಟ್ಟಿಲು. ನೆಲದಿಂದ ಬಾಗಿಲಿಗೆ 24 ಇಂಚು, ಮಧ್ಯೆ ಎರಡು ಮೆಟ್ಟಿಲು, ಅಂದರೆ ಒಂದೊಂದು ಏರೂ ಎಂಟು ಇಂಚು. ಇನ್ನೊಂದು ಪ್ಲೈವುಡ್. ಮತ್ತೊಂದು ಗ್ಯಾಸ್ ಇಡುವ ಜಾಗದಲ್ಲಿ ನೆಲಮಟ್ಟದ ಕಿಂಡಿ.

ಪ್ಲೈವುಡ್ಡಿಗೆ ಅಷ್ಟು ಯಾಕೆ ತಲೆ ಕೆಡಿಸಿಕೊಂಡೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರ್ ದಾಟುತ್ತದೆ. ನಮ್ಮ ಮನೆ ಅಲ್ಲಿಗೆ ದೂರವೇನಿಲ್ಲ. ಆಷಾಢದಲ್ಲಿ ಬೀರುವಿನಲ್ಲಿಟ್ಟ ಬಟ್ಟೆಗೂ ಬೂಷ್ಟು ಬರುತ್ತದೆ, ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಸಾಮಾನ್ಯ ಎಂಆರ್ ಪ್ಲೈ, ಅಂದರೆ ಅಲ್ಪಸ್ವಲ್ಪ ತೇವ ಮಾತ್ರ ತಡೆಯುವುದು, ಒಣ ಊರಿಗೆ ಸರಿ. ನೀರು ಸೋಕುವ ಜಾಗಕ್ಕೆ ಮರೀನ್ ಪ್ಲೈ ಬೇಕು. ಹಲಗೆ ಮೇಲೆ ಐಎಸ್ 710 ಅಂತ ಮುದ್ರೆ ಇರುತ್ತದೆ. ಸಾಮಾನ್ಯ ಪ್ಲೈವುಡ್ಡಿನ ಮೇಲೆ ಐಎಸ್ 303 ಅಂತ ಇರುತ್ತದೆ. ನೀವು ಏನೇ ಮಾಡಿಸುವುದಾದರೂ ಮೇಲೆ ಲ್ಯಾಮಿನೇಟ್ ಅಂಟಿಸುವ ಮೊದಲೇ ಆ ಮುದ್ರೆಯ ಫೋಟೋ ಕೇಳಿ. ಅಂಟಿಸಿದ ಮೇಲೆ ಎರಡೂ ನೋಡಲು ಒಂದೇ ಥರ.

ಯುಗಾದಿಗೆ ಗಾಡಿ ನಿಮ್ಮ ಮನೆ ಮುಂದೆ ಅಂದಿದ್ದರು. ಅರ್ಧ ದುಡ್ಡು ಮುಂಗಡ ಕೊಟ್ಟೆ. ಮೊದಲ ತಿಂಗಳು ದಿನಾ ಮಾತಾಡುತ್ತಿದ್ದ ಸೇಲ್ಸ್ ಹುಡುಗ ಆಮೇಲೆ ನಿಧಾನವಾಗಿ ಕಡಿಮೆ ಮಾಡಿದ. ನಾನು ಮೆಸೇಜ್ ಹಾಕಿದರೆ 'ವರ್ಕ್ ನಡೀತಿದೆ ಸರ್' ಅಂತ ಬರುತ್ತಿತ್ತು. ಫೋಟೋ ಕೇಳಿದರೆ 'ನಾಳೆ ಸರ್'. ಆ ನಾಳೆ ಮೂರು ವಾರ ಆಯಿತು. ಒಂದು ದಿನ ಫೋನ್ ಎತ್ತಿದ್ದು ಬೇರೆಯವರು. ಮೊದಲಿನ ಹುಡುಗ ಕೆಲಸ ಬಿಟ್ಟಿದ್ದ. ಹೊಸಬರಿಗೆ ನಾನು ಯಾರು ಅಂತ ಗೊತ್ತಿಲ್ಲ, ಅಮ್ಮನ ಮಂಡಿ ಗೊತ್ತಿಲ್ಲ, ಕೆಂಪು ಸುತ್ತು ಗೊತ್ತಿಲ್ಲ. ಎಲ್ಲಾ ಮೊದಲಿಂದ ಹೇಳಿದೆ.

ಯುಗಾದಿ ಕಳೆಯಿತು. ತಡವಾಗುತ್ತದೆ ಅಂತ ಅವರಾಗಿ ಒಂದು ಮಾತು ಹೇಳಲಿಲ್ಲ. ನಾನೇ ಕೇಳಿದಾಗ ಕಿಟಕಿ ಹೊರದೇಶದಿಂದ ಬರಬೇಕು, ಹಡಗಿನಲ್ಲಿದೆ ಅಂದರು. ಇರಬಹುದು. ಅದನ್ನು ನಾನು ಸುಳ್ಳು ಅನ್ನುವುದಿಲ್ಲ. ಆದರೆ ಕಿಟಕಿ ಬಂದಿಲ್ಲ ಅನ್ನುವುದು ಅವರಿಗೆ ಯುಗಾದಿ ದಿನ ಬೆಳಿಗ್ಗೆ ಗೊತ್ತಾಯಿತಾ? ಒಂದು ತಿಂಗಳ ಮೊದಲೇ ಗೊತ್ತಿತ್ತು, ಅಲ್ವಾ? ಆಗಲೇ ಹೇಳಿದ್ದರೆ ನಾನು ಗೋಕರ್ಣಕ್ಕೆ ಹೋಗೋಣ ಅಂತ ಅಮ್ಮನಿಗೆ ಆಸೆ ಹುಟ್ಟಿಸುತ್ತಿರಲಿಲ್ಲ. ಅಮ್ಮ ಸೀರೆ ಮಡಿಸಿ ಚೀಲದಲ್ಲಿ ಇಟ್ಟುಕೊಂಡಿದ್ದಳು. ಆ ಚೀಲ ಎರಡು ತಿಂಗಳು ಮಂಚದ ಪಕ್ಕದಲ್ಲೇ ಇತ್ತು. ತಡವಾದದ್ದಕ್ಕೆ ನನಗೆ ಸಿಟ್ಟಿಲ್ಲ. ಮಳೆ ತಡವಾದರೆ ನಮ್ಮ ತೋಟದ ಕೆಲಸವೂ ತಡವಾಗುತ್ತದೆ. ನನಗೆ ಸಂಕಟವಾದದ್ದು ಆ ಚೀಲ ನೋಡಿ.

ಕೊನೆಗೆ ಮೇ ತಿಂಗಳಲ್ಲಿ ಫೋನ್ ಬಂತು. ಗಾಡಿ ರೆಡಿ, ಬಾಕಿ ದುಡ್ಡು ಹಾಕಿ, ಕಳಿಸುತ್ತೇವೆ ಅಂದರು. ನೋಡದೆ ಹಾಕುವುದಿಲ್ಲ ಅಂದೆ. ರಾತ್ರಿ ಶಿವಮೊಗ್ಗದಲ್ಲಿ ರೈಲು ಹತ್ತಿ ಬೆಂಗಳೂರು, ಅಲ್ಲಿಂದ ಬಸ್ಸು.

ಗಾಡಿ ಚೆನ್ನಾಗಿತ್ತು. ಅದನ್ನು ಹೇಳಲೇಬೇಕು. ವೆಲ್ಡಿಂಗ್ ನೀಟಾಗಿತ್ತು, ಪ್ಲೈವುಡ್ ಹೇಳಿದ್ದೇ ಹಾಕಿದ್ದರು. ಆದರೆ ಬಾಗಿಲ ಹತ್ತಿರ ಹೋದರೆ ಮೆಟ್ಟಿಲು ಒಂದೇ. ನೆಲದಿಂದ 12 ಇಂಚು, ಅಲ್ಲಿಂದ ಬಾಗಿಲಿಗೆ ಇನ್ನೊಂದು 12. ಅಮ್ಮನಿಗೆ ಅದು ಗೋಡೆ ಇದ್ದ ಹಾಗೆ. ಒಳಗೆ ಬಗ್ಗಿ ನೋಡಿದರೆ ನೆಲದ ಕಿಂಡಿಯೂ ಇಲ್ಲ.

ಈ ಕಿಂಡಿ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದು ಜೀವದ ಪ್ರಶ್ನೆ. ನಾವು ಅಡುಗೆಗೆ ಬಳಸುವ ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ಕೆಳಗೆ ಇಳಿದು ನೀರಿನ ಹಾಗೆ ನೆಲದಲ್ಲಿ ನಿಲ್ಲುತ್ತದೆ. ಮೇಲಿನ ಕಿಟಕಿ ತೆರೆದರೆ ಸಾಲದು. ನೆಲಮಟ್ಟದಲ್ಲಿ ಯಾವಾಗಲೂ ತೆರೆದೇ ಇರುವ ದಾರಿ ಬೇಕು. ಮನೆಯಲ್ಲಾದರೆ ಬಾಗಿಲ ಸಂದಿ ಇರುತ್ತದೆ, ಜಾಗ ದೊಡ್ಡದು. ಇದು ಡಬ್ಬಿಯ ಹಾಗೆ ಮುಚ್ಚಿದ ಕೋಣೆ. ರಾತ್ರಿ ಅದರೊಳಗೆ ಅಮ್ಮ ಮಲಗುತ್ತಾಳೆ.

ಕಿಂಡಿ ಯಾಕೆ ಮುಚ್ಚಿದಿರಿ ಅಂತ ಆಫೀಸಿನಲ್ಲಿ ಕೇಳಿದೆ. ನಿಮ್ಮ ಕಡೆ ಮಳೆ ಜಾಸ್ತಿ ಅಂದಿರಲ್ಲ ಸರ್, ನೀರು ಬರುತ್ತೆ ಅಂತ ಮುಚ್ಚಿದೆವು ಅಂದರು. ನೋಡಿ, ಅವರು ಕೆಟ್ಟದ್ದು ಯೋಚಿಸಿಲ್ಲ. ನನ್ನ ಮಳೆಯ ಮಾತನ್ನೇ ನೆನಪಿಟ್ಟುಕೊಂಡು ಮಾಡಿದ್ದಾರೆ. ಒಂದು ಫೋನ್ ಮಾಡಿ, ಹೀಗೆ ಮಾಡಲಾ ಅಂತ ಕೇಳಿದ್ದರೆ ಎರಡು ನಿಮಿಷದ ಮಾತು. ಕೇಳಲಿಲ್ಲ.

ಆಮೇಲೆ ನಾನು ಶೆಡ್ಡಿನೊಳಗೆ ಹೋದೆ. ಮೆಟ್ಟಿಲು ಬೆಸುಗೆ ಹಾಕಿದವರು ಯಾರು ಅಂತ ಕೇಳಿಕೊಂಡು ಹೋದೆ. ಐವತ್ತು ದಾಟಿದ ಮನುಷ್ಯ, ಮುಖದಲ್ಲಿ ಬೆವರು. ನನ್ನ ಡ್ರಾಯಿಂಗ್ ತೋರಿಸಿದೆ. ಅವರು ಅದನ್ನು ಮೊದಲ ಸಲ ನೋಡುತ್ತಿದ್ದರು. ಅವರ ಹತ್ತಿರ ಇದ್ದ ಶೀಟಿನಲ್ಲಿ ಮೆಟ್ಟಿಲಿನ ಎದುರು 'ಸ್ಟ್ಯಾಂಡರ್ಡ್' ಅಂತ ಒಂದೇ ಪದ ಇತ್ತು. ಅಮ್ಮನ ವಿಷಯ ಹೇಳಿದೆ. 'ನಮಗೆ ಯಾರೂ ಹೇಳಲಿಲ್ಲ ಸರ್, ಹೇಳಿದ್ದರೆ ಅದೇನು ದೊಡ್ಡ ಕೆಲಸವಾ' ಅಂದರು. ಅವರಿಗೆ ನಿಜವಾಗಿ ಬೇಜಾರಾಗಿತ್ತು. ಊಟ ಬಿಟ್ಟು ಕೂತು ಕಿಂಡಿ ಕೊರೆದು, ಜಾಲರಿ ಹಾಕಿ, ಹೊರಗಡೆ ನೀರು ಎರಚದ ಹಾಗೆ ಒಂದು ಮರೆ ಕಟ್ಟಿದರು. ಗ್ಯಾಸೂ ಹೋಗುತ್ತದೆ, ಮಳೆಯೂ ಬರುವುದಿಲ್ಲ. ಮೆಟ್ಟಿಲು ಮಾತ್ರ ಚಾಸಿಗೆ ಸೇರಿಸಿ ಬಿಟ್ಟಿದ್ದರು. ಬಿಚ್ಚಿದರೆ ಇನ್ನೂ ಮೂರು ವಾರ ಅಂತ ಆಫೀಸಿನವರು ಅಂದರು. ಹಾಗೇ ಕಳಿಸಿ ಅಂದೆ. ಗಾಡಿ ಮನೆಗೆ ಬಂದದ್ದು ಜೂನ್ ಕೊನೆಯಲ್ಲಿ, ಸುರಿಯುವ ಮಳೆಯಲ್ಲಿ.

ಬಸ್ಸಿನಲ್ಲಿ ವಾಪಸ್ ಬರುವಾಗ ನಮ್ಮ ಮನೆಯ ಹಳೇ ಆಚಾರ್ರು ನೆನಪಾದರು. ನಮ್ಮ ಮಂಚ, ಪತ್ತಾಯ, ದೇವರ ಪೀಠ ಎಲ್ಲಾ ಅವರೇ ಮಾಡಿದ್ದು. ಜಗಲಿಯಲ್ಲಿ ಕೂತು ಹಲಸಿನ ಹಲಗೆಗೆ ಉಳಿ ಹಾಕುತ್ತಿದ್ದರು. ಅವರೂ ತಡ ಮಾಡುತ್ತಿದ್ದರು, ತಿಂಗಳುಗಟ್ಟಲೆ. ಆದರೆ ಕಾಫಿ ಕೊಡಲು ಹೋದ ಅಮ್ಮನನ್ನು ನಿಲ್ಲಿಸಿ, ಇಷ್ಟು ಎತ್ತರ ಸಾಕಾ ಅಂತ ಕೇಳುತ್ತಿದ್ದರು. ಕೇಳಿಸಿಕೊಂಡವರೂ ಅವರೇ, ಮಾಡಿದವರೂ ಅವರೇ. ಚೇಣಿ ಕೊಡುವಾಗ, ಅಂದರೆ ಅಡಿಕೆ ತೋಟದ ಫಸಲನ್ನು ಗುತ್ತಿಗೆಗೆ ಕೊಡುವಾಗ ಕೂಡ ನಾವು ಬಾಯಿ ಮಾತಿನಲ್ಲೇ ಎಷ್ಟೋ ಸಲ ಮುಗಿಸುತ್ತೇವೆ. ಅದು ನಡೆಯುತ್ತದೆ, ಯಾಕೆಂದರೆ ತೋಟ ಇಬ್ಬರ ಕಣ್ಣೆದುರೂ ಇದೆ. ಫ್ಯಾಕ್ಟರಿಯಲ್ಲಿ ಹಾಗಲ್ಲ. ನಾನು ಹೇಳಿದ್ದು ಒಬ್ಬರಿಗೆ, ಅವರು ಬರೆದದ್ದು ಇನ್ನೊಬ್ಬರಿಗೆ, ಕೈಯಲ್ಲಿ ಮಾಡಿದ್ದು ಮೂರನೆಯವರು. ದಾರಿಯಲ್ಲಿ ನನ್ನ ಕೆಂಪು ಸುತ್ತು ಉದುರಿ ಹೋಯಿತು. ಅಮೆರಿಕದಲ್ಲೂ ಇದೇ ಕಷ್ಟ ಇದೆ. ಅಲ್ಲಿ ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಸುತ್ತಮುತ್ತ ಇಂಥ ಗಾಡಿಗಳ ಫ್ಯಾಕ್ಟರಿಗಳ ಸಾಲೇ ಇದೆ. ಸಾಮಾನ್ಯವಾಗಿ ಗ್ರಾಹಕರು ಡೀಲರ್ ಮೂಲಕವೇ ಆರ್ಡರ್ ಕೊಡಬೇಕು, ಕಟ್ಟುವವರ ಮುಖವನ್ನೂ ನೋಡುವುದಿಲ್ಲ. ಅದಕ್ಕೇ ಗಾಡಿ ಒಪ್ಪಿಕೊಳ್ಳುವ ಮೊದಲು ಗಂಟೆಗಟ್ಟಲೆ ನಲ್ಲಿ, ಸ್ವಿಚ್ಚು, ಕಿಟಕಿ ಎಲ್ಲಾ ಪರೀಕ್ಷೆ ಮಾಡುವ ಅಭ್ಯಾಸ ಅಲ್ಲಿ ಬೆಳೆದಿದೆ.

ನನ್ನ ಕಡೆಯಿಂದಲೂ ತಪ್ಪಾಗಿದೆ. ಮಧ್ಯದಲ್ಲಿ ಎರಡು ಸಲ ಫೋನಿನಲ್ಲೇ ಬದಲಾವಣೆ ಹೇಳಿದೆ. ಮೇಲೊಂದು ಕಪಾಟು ಹಾಕಿ, ನೀರಿನ ಟ್ಯಾಂಕ್ 60 ಲೀಟರ್ ಮಾಡಿ ಅಂತ. 60 ಲೀಟರ್ ಅಂದರೆ 60 ಕೆಜಿ. ಎಳೆಯುವ ಗಾಡಿಗೆ ಇದು ಸಣ್ಣ ವಿಷಯವಲ್ಲ. ಭಾರ ಹಿಂದಕ್ಕೆ ಹೋದರೆ ಟ್ರೇಲರ್ ಬಾಲ ಅಲ್ಲಾಡಿಸಲು ಶುರು ಮಾಡುತ್ತದೆ, ಘಾಟಿಯಲ್ಲಿ ಅದು ಅಪಾಯ. ಎಳೆಯುವ ಗಾಡಿಗೆ ಸಿಕ್ಕಿಸುವ ಕೊಕ್ಕೆಯ ಮೇಲೆ ಟ್ರೇಲರಿನ ಒಟ್ಟು ತೂಕದ ಶೇಕಡ 10ರಿಂದ 15 ಕೂರಬೇಕು ಅನ್ನುವುದು ಅಮೆರಿಕದವರ ಲೆಕ್ಕ. ಒಂದು ಕಪಾಟು ಸೇರಿಸಿದರೂ ಈ ಲೆಕ್ಕ ಮತ್ತೆ ಮಾಡಬೇಕು. ನಾನು ಸುಮ್ನೆ ಬಾಯಲ್ಲಿ ಹೇಳಿ ಮರೆತೆ, ಅವರು ಹ್ಞೂಂ ಅಂದು ಮರೆತರು. ಕಪಾಟು ಬಂತು, ಟ್ಯಾಂಕ್ ದೊಡ್ಡದಾಗಲಿಲ್ಲ. ಅದರ ಬಗ್ಗೆ ಜಗಳ ಮಾಡಲು ನನ್ನ ಹತ್ತಿರ ಒಂದು ಮೆಸೇಜ್ ಕೂಡ ಇರಲಿಲ್ಲ.

ಹಾಗಾಗಿ ಮಾಡಿಸುವವರಿಗೆ ನನ್ನ ವಿನಂತಿ ಇಷ್ಟು. ಫೋನಿನಲ್ಲಿ ಏನೇ ಮಾತಾಡಿ, ಇಟ್ಟ ತಕ್ಷಣ ಅದನ್ನೇ ನಾಲ್ಕು ಸಾಲು ಬರೆದು ಕಳಿಸಿ, ಒಪ್ಪಿಗೆ ಅಂತ ಉತ್ತರ ಬರೆಸಿಕೊಳ್ಳಿ. ಬರೀ ಹೆಬ್ಬೆರಳಿನ ಚಿತ್ರ ಬಂದರೆ ಅದನ್ನು ಉತ್ತರ ಅಂದುಕೊಳ್ಳಬೇಡಿ. ಗೋಡೆ ಮುಚ್ಚುವ ಮೊದಲು ಒಂದು ಸಲ ಹೋಗಿ ಬನ್ನಿ, ಬೆಸುಗೆ ಹಾಕುವವರ ಜೊತೆ ಮಾತಾಡಿ. ರೈಲಿನ ಖರ್ಚು ಎಷ್ಟಾಗುತ್ತದೆ ಹೇಳಿ. ಕೊನೆಯ ಕಂತು ಕಣ್ಣಾರೆ ನೋಡಿದ ಮೇಲೆಯೇ ಅಂತ ಮೊದಲೇ ಮಾತಾಡಿಕೊಳ್ಳಿ. ಕಾಗದಪತ್ರ ಕೂಡ ಮೊದಲೇ ಕೇಳಿ. ಟ್ರೇಲರಿಗೆ ಎಂಜಿನ್ ಇಲ್ಲದಿದ್ದರೂ ಆರ್‌ಟಿಒದಲ್ಲಿ ಬೇರೆಯಾಗಿಯೇ ನೋಂದಣಿ ಆಗಬೇಕು. ಮಾರಾಟದ ಸರ್ಟಿಫಿಕೇಟ್ ಫಾರಂ 21, ತಯಾರಕರು ಕೊಡುವ ಫಾರಂ 22, ಇವೆರಡು ಇಲ್ಲದೆ ಗಾಡಿ ಅಂಗಳದಲ್ಲೇ ನಿಲ್ಲುತ್ತದೆ. ಮಾತು ಪೂರ್ತಿ ಕೆಟ್ಟರೆ 1915ಕ್ಕೆ ಫೋನ್ ಮಾಡಬಹುದು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಲು ಎರಡು ವರ್ಷದ ಅವಕಾಶ ಇದೆ. ನಾವು ಕೊಟ್ಟ ದುಡ್ಡು ಐದು ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ. ಆದರೆ ಅಲ್ಲೂ ಮೊದಲು ಕೇಳುವುದು ಬರಹದಲ್ಲಿ ಏನಿದೆ ಅಂತಲೇ.

ಕಟ್ಟಿ ಕೊಡುವವರಿಗೂ ಒಂದು ಮಾತು. ನೀವು ವಾರಕ್ಕೊಂದು ಫೋಟೋ ಕಳಿಸಿ. ಕೆಲಸ ಆಗಿಲ್ಲದಿದ್ದರೆ ಆಗಿಲ್ಲ ಅಂತಲೇ ಬರೆಯಿರಿ. ನಾವು ಸಿಟ್ಟಾಗಬಹುದು, ಆದರೆ ನಂಬಿಕೆ ಕಳೆದುಕೊಳ್ಳುವುದಿಲ್ಲ. ಗ್ರಾಹಕರ ಡ್ರಾಯಿಂಗನ್ನು ಕಂಪ್ಯೂಟರಿನಲ್ಲಿ ಇಡಬೇಡಿ, ಪ್ರಿಂಟ್ ಹಾಕಿಸಿ ಆ ಗಾಡಿಗೇ ಅಂಟಿಸಿ. ಮಾಡುವವರ ಕಣ್ಣಿಗೆ ಬೀಳಲಿ.

ಮೆಟ್ಟಿಲಿನ ಕಥೆ ಇನ್ನೂ ಮುಗಿದಿಲ್ಲ. ತೀರ್ಥಹಳ್ಳಿಯಿಂದ ನಮ್ಮ ಪರಿಚಯದ ವೆಲ್ಡಿಂಗ್‌ನವರನ್ನು ಕರೆಸಿದೆ. ಎಂಟೆಂಟು ಇಂಚಿನದು ಮಾಡಿಕೊಡಿ ಅಂದೆ. ಎಂಟು ಅಂತ ಹೇಗೆ ಗೊತ್ತು ಅಂತ ಕೇಳಿದರು. ನಮ್ಮ ಜಗಲಿ ಮೆಟ್ಟಿಲು ಎಂಟು ಇಂಚಿದೆ, ಅಮ್ಮ ದಿನಾ ಹತ್ತುತ್ತಾಳೆ ಅಂದೆ. ಅವರು ಅಮ್ಮನನ್ನೇ ಕರೆದರು. 'ಅಮ್ಮಾ, ಒಂದು ಸಲ ಜಗಲಿ ಹತ್ತಿ ತೋರಿಸಿ' ಅಂದರು. ಅಮ್ಮ ಹತ್ತಿದಳು. ಅವರು ಅಮ್ಮನ ಕೈ ನೋಡುತ್ತಿದ್ದರು. 'ನೋಡಿ, ಕಂಬ ಹಿಡಿದು ಮೈ ಎಳೆದುಕೊಳ್ತಾರೆ. ನಿಮ್ಮ ಗಾಡಿಯಲ್ಲಿ ಕಂಬ ಎಲ್ಲಿದೆ?' ಅಂದರು.

ಎಂಟು ತಿಂಗಳು ನಾನು ಎಂಟು ಇಂಚು, ಎಂಟು ಇಂಚು ಅಂತ ಜಗಳವಾಡಿದ್ದೆ. ಅಮ್ಮನನ್ನು ಒಂದು ಸಲವೂ ಕೇಳಿರಲಿಲ್ಲ.

ಅವರು ಊಟದ ಮಣೆಗಳನ್ನು ತರಿಸಿ ಒಂದರ ಮೇಲೊಂದು ಇಟ್ಟು, ಅಮ್ಮನ ಕೈಯಲ್ಲಿ ಹತ್ತಿಸಿ ನೋಡಿದರು. ಕೈಯಲ್ಲಿ ಏನೂ ಹಿಡಿಯದೆ ಅಮ್ಮನಿಗೆ ಹತ್ತಲು ಆದದ್ದು ಆರು ಇಂಚು. ಆರಾರು ಇಂಚಿನ ನಾಲ್ಕು ಏರು ಬರುವ ಹಾಗೆ ಮೂರು ಮೆಟ್ಟಿಲಿನ, ಬೇಕೆಂದಾಗ ಇಳಿಸಿಟ್ಟುಕೊಳ್ಳುವ ಏಣಿ ಮಾಡಿದರು. ಎರಡೂ ಕಡೆ ಹಿಡಿಯಲು ಪೈಪು ಹಾಕಿದರು. ಪೈಪು ಕೈಗೆ ದಪ್ಪ ಆಯಿತಾ ಅಂತ ಅಮ್ಮನನ್ನು ಕೇಳಿ ಒಂದು ಸಲ ಬದಲಾಯಿಸಿದರು.

ಮೊನ್ನೆ ಭಾನುವಾರ ಅಮ್ಮ ಒಬ್ಬಳೇ ಹತ್ತಿ ಒಳಗೆ ಹೋಗಿ ಮಂಚದ ಮೇಲೆ ಕೂತಳು. 2025ರ ಜುಲೈನಲ್ಲಿ ಅಂಬಾರಗೊಡ್ಲು–ಕಳಸವಳ್ಳಿ ಸೇತುವೆ ಆಗಿದೆ, ಸಿಗಂದೂರಿಗೆ ಹೋಗಲು ಹಿನ್ನೀರು ದಾಟಿಸುವ ಲಾಂಚಿಗೆ ಈಗ ಕಾಯಬೇಕಿಲ್ಲ. ನವರಾತ್ರಿ ಮುಗಿದ ಮೇಲೆ, ಅಡಿಕೆ ಕೊನೆ ಕೊಯ್ಲು ಶುರುವಾಗುವ ಮೊದಲು ಹೊರಡುತ್ತೇವೆ. ಸೀರೆ ಚೀಲ ಈಗ ಗಾಡಿಯ ಕಪಾಟಿನಲ್ಲಿದೆ.