ತೊಂಬತ್ತೈದನೆಯ ಹೆಣ

ಕೇಳುಗರಿಗೆ ನಮಸ್ಕಾರ.

ಇವತ್ತು ಒಬ್ಬ ಸನ್ಯಾಸಿಯ ಬಗ್ಗೆ ಮಾತಾಡುತ್ತೇನೆ. ಹೆಸರು ಕ್ಯಾಡ್‌ಫೈಲ್. ಊರು ಇಂಗ್ಲೆಂಡಿನ ಶ್ರೂಸ್‌ಬರಿ. ನಮ್ಮ ಬಸವಣ್ಣನವರು ಬದುಕಿದ್ದ ಶತಮಾನವೇ ಇವನದೂ. ಮೊದಲು ಯುದ್ಧ ಮಾಡಿ ಬಂದವನು, ಈಗ ಮಠದ ತೋಟದಲ್ಲಿ ಗಿಡಮೂಲಿಕೆ ಬೆಳೆದು ಔಷಧ ಮಾಡುತ್ತಾನೆ. ಕಾದಂಬರಿಗಳಲ್ಲಿ ಕೊಲೆಗಾರರನ್ನು ಹಿಡಿಯುವವನೂ ಇವನೇ. ಬರೆದವರು ಎಲಿಸ್ ಪೀಟರ್ಸ್.

ನನಗೆ ತುಂಬಾ ಇಷ್ಟವಾದದ್ದು 1979ರಲ್ಲಿ ಬಂದ 'ಒನ್ ಕಾರ್ಪ್ಸ್ ಟೂ ಮೆನಿ'. ಕಥೆ ನಡೆಯುವುದು 1138ರಲ್ಲಿ. ರಾಜ ಸ್ಟೀಫನ್ ಶ್ರೂಸ್‌ಬರಿ ಕೋಟೆ ಗೆದ್ದು, ಒಳಗಿದ್ದ 94 ಜನರನ್ನು ಗಲ್ಲಿಗೆ ಹಾಕಿಸುತ್ತಾನೆ. ಆ ಮುತ್ತಿಗೆ, ಆ ಗಲ್ಲು ಇತಿಹಾಸದಲ್ಲೂ ನಡೆದದ್ದೇ. ಹೆಣಗಳನ್ನು ಮಣ್ಣು ಮಾಡಲು ಸಿದ್ಧಮಾಡುವ ಕೆಲಸ ಕ್ಯಾಡ್‌ಫೈಲ್ ಪಾಲಿಗೆ ಬರುತ್ತದೆ. ಒಂದೊಂದಾಗಿ ಎಣಿಸುತ್ತಾನೆ. 95 ಇವೆ!

ಒಬ್ಬ ತರುಣನ ಕತ್ತಿನಲ್ಲಿ ಗಲ್ಲಿನ ದಪ್ಪ ಹಗ್ಗದ ಗುರುತಿಲ್ಲ, ತೆಳು ದಾರದ ಗೆರೆ ಇದೆ. ಹಿಂದಿನಿಂದ ಬಂದು ಯಾರೋ ಬಿಗಿದಿದ್ದಾರೆ. ಅಷ್ಟು ಹೆಣಗಳ ನಡುವೆ ಇನ್ನೊಂದು ಹಾಕಿದರೆ ಯಾರು ಲೆಕ್ಕ ಇಡುತ್ತಾರೆ ಅಂತ ಕೊಲೆಗಾರನ ಎಣಿಕೆ. ಆದರೆ ಹೆಣಕ್ಕೆ ಜಳಕ ಮಾಡಿಸುವವನು ಮುಖ ನೋಡುತ್ತಾನೆ, ಕತ್ತು ನೋಡುತ್ತಾನೆ ಅಲ್ವಾ? ಈ ಸನ್ಯಾಸಿಗೆ ಬೆರಳಚ್ಚು ಬೇಕಿಲ್ಲ, ಲ್ಯಾಬ್ ಬೇಕಿಲ್ಲ. ಸತ್ತವರನ್ನು ಮರ್ಯಾದೆಯಿಂದ ಕಳಿಸಿಕೊಡುವ ಕೆಲಸವೇ ಅವನಿಗೆ ಕೊಲೆಯನ್ನು ತೋರಿಸುತ್ತದೆ. ರಾಜನೇ 94 ಜನರನ್ನು ಕೊಂದಿರುವಾಗ ಇನ್ನೊಬ್ಬನಿಗೆ ನ್ಯಾಯ ಯಾಕೆ ಅಂತ ಅವನು ಸುಮ್ಮನಿರುವುದಿಲ್ಲ. ರಾಜನ ಮುಂದೆಯೇ ಹೋಗಿ ಹೇಳುತ್ತಾನೆ. ಆ ಪುಟಗಳಲ್ಲಿ ನನ್ನ ಕಣ್ಣು ತುಂಬಿ ಬಂತು.

ಲೇಖಕಿ ಚಿಕ್ಕ ವಯಸ್ಸಿನಲ್ಲಿ ಔಷಧ ಅಂಗಡಿಯಲ್ಲಿ ಕೆಲಸ ಮಾಡಿದವರು. ಅದು ಬರವಣಿಗೆಯಲ್ಲಿ ಗೊತ್ತಾಗುತ್ತದೆ. ಇನ್ನೊಂದು ಕಾದಂಬರಿಯಲ್ಲಿ ಕೀಲುನೋವಿಗೆ ತಿಕ್ಕಲು ಕ್ಯಾಡ್‌ಫೈಲ್ ತಾನೇ ಮಾಡಿದ ಎಣ್ಣೆಯನ್ನು ಯಾರೋ ಊಟದಲ್ಲಿ ಬೆರೆಸುತ್ತಾರೆ. ನಮ್ಮ ವತ್ಸನಾಭಿಯ ಜಾತಿಗೇ ಸೇರಿದ ಗಿಡದ ಎಣ್ಣೆ ಅದು. ಹೊರಗೆ ಹಚ್ಚಿದರೆ ಔಷಧ, ಹೊಟ್ಟೆಗೆ ಹೋದರೆ ವಿಷ.

ಇದನ್ನೆಲ್ಲ ಓದುವಾಗ ನಮ್ಮ ವಿಜಯಪುರದ ಸಾಠ್ ಕಬರ್ ನೆನಪಾಗುತ್ತಲೇ ಇತ್ತು. ಸಾಲು ಸಾಲಾಗಿ, ಒಂದೇ ಅಳತೆಯ ಗೋರಿಗಳು. 1659ರಲ್ಲಿ ಶಿವಾಜಿಯ ಮೇಲೆ ದಂಡೆತ್ತಿ ಹೋಗುವ ಮೊದಲು ಅಫ್ಜಲ್ ಖಾನ್ ತನ್ನ ಹೆಂಡತಿಯರನ್ನು ಕೊಲ್ಲಿಸಿದ ಅಂತ ಜನ ಹೇಳುವ ಕಥೆ. ನಾವು ಆ ಕಥೆ ಕೇಳುತ್ತೇವೆ, ಅಯ್ಯೋ ಅನ್ನುತ್ತೇವೆ, ಗೋಳಗುಮ್ಮಟದ ಕಡೆ ಹೊರಡುತ್ತೇವೆ. ಒಬ್ಬೊಬ್ಬಳೂ ಯಾರು, ಯಾವ ಊರಿನ ಮಗಳು ಅಂತ ಕೇಳುವ ಒಂದು ಪಾತ್ರ ನಮ್ಮ ಕಾದಂಬರಿಗೆ ಬೇಕು. ಊರ ಮಠದಲ್ಲಿ ಔಷಧ ಕೊಡುವ ಸ್ವಾಮಿಗಳಾಗಲಿ, ದರ್ಗಾದ ಫಕೀರರಾಗಲಿ. ಆದಿಲ್‌ಶಾಹಿ ದರಬಾರಿನ ಇತಿಹಾಸಕಾರ ಫಿರಿಷ್ತಾ ವೈದ್ಯದ ಗ್ರಂಥವನ್ನೂ ಬರೆದಿದ್ದರು. ಅಂಥವರಿಗೆ ಒಬ್ಬ ಶಿಷ್ಯ ಇದ್ದ ಅಂತ ಇಟ್ಟುಕೊಳ್ಳಿ, ಕಥೆ ಶುರು ಮಾಡಲು ಅಷ್ಟು ಸಾಕು. ಬರೆಯುವ ಹುಡುಗ ಹುಡುಗಿಯರು ಯಾರಾದರೂ ಕೇಳುತ್ತಿದ್ದರೆ, ದಯವಿಟ್ಟು ಬರೆಯಿರಿ. ಓದಲು ನಾನಂತೂ ಕಾಯುತ್ತಿದ್ದೇನೆ.

ನಮಸ್ಕಾರ.